ಗಲ್ಲಿನ ನೆರಳಲ್ಲಿ ಒಬ್ಬ ತಾಯಿ

2005ರಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ ದಿನಗಳಲ್ಲಿ ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಎಲ್ಲೆಲ್ಲೂ ಕಾಡು ಸೇರಿದವರದೇ ಮಾತು. ನನ್ನನ್ನು ಕಾಡಿದ್ದು ಮಾತ್ರ ಅಂಥವರ ಮನೆಯಲ್ಲಿ ಉಳಿದ ತಾಯಂದಿರ ಚಿಂತೆ. ಆಗ ನೆನಪಾದವಳು ಆಸ್ಟ್ರೇಲಿಯಾದ ದರೋಡೆಕೋರ ನೆಡ್ ಕೆಲ್ಲಿಯ ತಾಯಿ ಎಲೆನ್.

1832ರಲ್ಲಿ ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ ಹುಟ್ಟಿದ ಎಲೆನ್, 1841ರಲ್ಲಿ ಹೆತ್ತವರೊಡನೆ ಮೆಲ್ಬರ್ನ್ ಸೇರಿದಳು. 1850ರಲ್ಲಿ ಅವಳನ್ನು ವರಿಸಿದ ಜಾನ್ ಕೆಲ್ಲಿ, ಎರಡು ಹಂದಿ ಕದ್ದ ಅಪರಾಧಕ್ಕೆ ಐರ್ಲೆಂಡಿನಿಂದ ಗಡೀಪಾರಾಗಿ ಬಂದವನು. 1866ರಲ್ಲಿ ಅವನು ತೀರಿಕೊಂಡ ಮೇಲೆ ಎಲೆನ್ ಮಕ್ಕಳನ್ನು ಕಟ್ಟಿಕೊಂಡು ಗ್ರೆಟಾ ಸಮೀಪ 88 ಎಕರೆ ಸರ್ಕಾರಿ ಜಮೀನು ಹಿಡಿದಳು. ಸಾಗುವಳಿ ಮಾಡಿ ಕಂತು ಕಟ್ಟಿದರಷ್ಟೇ ಅದು ಸ್ವಂತ. ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದ ನಮ್ಮವರಿಗೆ ಆ ಆತಂಕವನ್ನು ವಿವರಿಸಬೇಕಿಲ್ಲ.

ಕೆಲ್ಲಿಗಳು ಮುಗ್ಧರೇನಲ್ಲ, ಕುದುರೆ ಕಳವಿನಲ್ಲಿ ಅವರ ಕೈಯಿತ್ತು. ಆದರೆ ಪೊಲೀಸರ ಕಣ್ಣಿಗೆ ಇಡೀ ಮನೆಯೇ ಅಪರಾಧಿಯಾಗಿತ್ತು. 1878ರ ಏಪ್ರಿಲ್‌ನಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ಕಾನ್‌ಸ್ಟೆಬಲ್ ಎಲೆನ್‌ಳ ಮಗ ಡ್ಯಾನ್‌ನನ್ನು ಬಂಧಿಸಲು ಬಂದಾಗ ಜಗಳವಾಯಿತು. ಅವನ ಸಾಕ್ಷ್ಯವನ್ನು ನಂಬಿದ ನ್ಯಾಯಾಲಯ, ಹಸುಗೂಸಿನ ತಾಯಿ ಎಲೆನ್‌ಗೆ ಮೂರು ವರ್ಷ ಕಠಿಣ ಸಜೆ ವಿಧಿಸಿತು. ಅದೇ ಕಾನ್‌ಸ್ಟೆಬಲ್ 1880ರಲ್ಲಿ ಇಲಾಖೆಯಿಂದ ವಜಾಗೊಂಡ.

ಅವಳು ಸೆರೆಗೆ ಹೋದ ತಿಂಗಳಲ್ಲೇ ನೆಡ್‌ನ ತಂಡ ಮೂವರು ಪೊಲೀಸರನ್ನು ಕೊಂದಿತು. ಸತ್ತವರಿಗೂ ಮನೆಯಿತ್ತು, ಮಕ್ಕಳಿದ್ದರು ಎಂಬುದನ್ನು ನೆಡ್‌ನ ಸಾಹಸವನ್ನು ಹಾಡಿ ಹೊಗಳುವವರು ಮರೆಯುತ್ತಾರೆ. 1880ರ ಜೂನ್‌ನಲ್ಲಿ ಗ್ಲೆನ್‌ರೋವನ್‌ನ ಮುತ್ತಿಗೆಯಲ್ಲಿ ಡ್ಯಾನ್ ಸತ್ತ. ನವೆಂಬರ್ 11ರಂದು ಮೆಲ್ಬರ್ನ್ ಸೆರೆಮನೆಯಲ್ಲಿ ನೆಡ್‌ನನ್ನು ಗಲ್ಲಿಗೇರಿಸಿದಾಗ ತಾಯಿ ಅದೇ ಗೋಡೆಗಳ ಒಳಗೆ ಕೈದಿಯಾಗಿದ್ದಳು. ಇಬ್ಬರಿಗೂ ಶಿಕ್ಷೆ ವಿಧಿಸಿದವರು ಒಬ್ಬರೇ ನ್ಯಾಯಾಧೀಶರು, ರೆಡ್ಮಂಡ್ ಬ್ಯಾರಿ.

1881ರಲ್ಲಿ ಬಿಡುಗಡೆಯಾದ ಎಲೆನ್ ಮತ್ತೆ ಅದೇ ನೆಲಕ್ಕೆ ಮರಳಿದಳು. 1898ರಲ್ಲಿ ಮಗಳು ಕೇಟ್ ನೀರುಪಾಲಾದಾಗ ಅವಳ ಮಕ್ಕಳನ್ನು ಕರೆತಂದು ಸಾಕಿದಳು. 1923ರಲ್ಲಿ ಕಣ್ಣುಮುಚ್ಚಿದಳು.

2025ರ ಜನವರಿಯಲ್ಲಿ ಮಲೆನಾಡಿನ ಕಾಡಿನಲ್ಲಿದ್ದ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದರು. ಶರಣಾದವರಿಗೆ ಪುನರ್ವಸತಿಯ ನಿಯಮಗಳಿವೆ; ಇರಲೇಬೇಕು. ಆದರೆ ಬಾಗಿಲು ತಟ್ಟಿದ ಸದ್ದಿಗೆಲ್ಲ ಬೆಚ್ಚಿ ಬದುಕಿದ ತಾಯಂದಿರ ಲೆಕ್ಕ ಯಾವ ಕಡತದಲ್ಲಿದೆ? ಮಗನ ತಪ್ಪನ್ನು ಮನೆಯ ಮೇಲೆ ಹೊರಿಸುವ ಪ್ರಭುತ್ವ ಮತ್ತಷ್ಟು ಮಕ್ಕಳನ್ನು ಕಾಡಿಗೆ ಅಟ್ಟುತ್ತದೆ. ಎಲೆನ್‌ಳ ಬದುಕಿನಿಂದ ನಾನು ಕಲಿತದ್ದು ಇಷ್ಟೇ.