ಮಕ್ಕಳ ತೋಟದ ತೋಟಿಗ ಫ್ರೋಬೆಲ್

ಶಿಶುವಿಹಾರವೆಂಬ ಮಾತು ಇಂದು ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಆದರೆ ಆಟವೇ ಪಾಠವೆಂದು ಸಾಧಿಸಲು ಬಾಳನ್ನೆಲ್ಲ ತೇಯ್ದ ಮಹನೀಯನ ಪರಿಚಯ ನಮ್ಮಲ್ಲಿ ಬಹು ಜನರಿಗಿಲ್ಲ. ಅವನೇ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. ಅವನ ಜೀವನವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡಬಯಸುತ್ತೇನೆ.

1782ರ ಏಪ್ರಿಲ್ 21ರಂದು ಥುರಿಂಜಿಯಾ ಪ್ರಾಂತದ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಫ್ರೋಬೆಲ್ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದನು. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ತಂದೆಗೆ ಬಿಡುವಿಲ್ಲ, ಮಲತಾಯಿಗೆ ತನ್ನ ಮಗು ಹುಟ್ಟಿದ ಮೇಲೆ ಇವನು ಬೇಡವಾದನು. ಹತ್ತನೆಯ ವಯಸ್ಸಿನಲ್ಲಿ ಸೋದರಮಾವನ ಮನೆ ಸೇರಿದ ಮೇಲೆಯೇ ಆ ತಬ್ಬಲಿಗೆ ಅಕ್ಕರೆಯೆಂದರೇನೆಂದು ತಿಳಿದದ್ದು. ಮುಂದೆ ಲೋಕದ ಮಕ್ಕಳಿಗೆಲ್ಲ ಆಟದ ಮನೆ ಕಟ್ಟಿದವನು ತಾನು ಮಗುವಾಗಿದ್ದಾಗ ಅದನ್ನು ಕಾಣಲಿಲ್ಲ.

1797ರಿಂದ ಎರಡು ವರ್ಷ ಅವನು ಅರಣ್ಯಾಧಿಕಾರಿಯೊಬ್ಬನ ಕೈಕೆಳಗೆ ಕೆಲಸ ಕಲಿತನು. ಯೇನಾ ವಿಶ್ವವಿದ್ಯಾಲಯ ಸೇರಿದನಾದರೂ ಸಾಲ ತೀರಿಸಲಾಗದೆ ಅಲ್ಲಿನ ಬಂದೀಖಾನೆಯಲ್ಲಿ ಒಂಬತ್ತು ವಾರ ಕಳೆಯಬೇಕಾಯಿತು. 1805ರಲ್ಲಿ ವಾಸ್ತುಶಿಲ್ಪ ಕಲಿಯಲೆಂದು ಫ್ರಾಂಕ್‌ಫರ್ಟಿಗೆ ಹೋದವನು ಅಲ್ಲಿ ಶಿಕ್ಷಕನಾಗಿಬಿಟ್ಟನು. 1808ರಿಂದ ಎರಡು ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಲೋಜಿಯ ಬಳಿಯಲ್ಲಿದ್ದು ಅವನ ಬೋಧನಕ್ರಮವನ್ನು ಅಭ್ಯಾಸಮಾಡಿದನು.

ನೆಪೋಲಿಯನ್ನನ ವಿರುದ್ಧದ ಯುದ್ಧದಲ್ಲಿ ಸೈನಿಕನಾಗಿದ್ದು, 1814ರಲ್ಲಿ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಪ್ರೊಫೆಸರ್ ವೈಸ್ಸನ ಸಹಾಯಕನಾದನು. ಈ ಕೆಲಸವೇ ಅವನ ವಿಚಾರಕ್ಕೆ ಅಡಿಗಲ್ಲಾಯಿತೆಂದು ನನಗೆ ತೋರುತ್ತದೆ. ಜಡವಾದ ಕಲ್ಲಿನೊಳಗೂ ಅಂಚಿಗೆ ಅಂಚು, ಮೂಲೆಗೆ ಮೂಲೆ ಸರಿಹೊಂದಿರುವುದನ್ನು ಸ್ಫಟಿಕಗಳು ಅವನಿಗೆ ತೋರಿಸಿದವು. ಸೃಷ್ಟಿಯೊಳಗೆ ಒಂದೇ ನಿಯಮ ಹರಿಯುತ್ತಿರುವಾಗ ಮಗುವಿನ ಮುಂದೆ ಜ್ಞಾನವನ್ನು ತುಂಡು ಮಾಡಿ ಇಡುವುದು ತರವೇ ಎಂಬುದು ಅವನ ಜೀವನದ ಪ್ರಶ್ನೆಯಾಯಿತು.

1816ರಲ್ಲಿ ತನ್ನ ಅಣ್ಣಂದಿರ ಮಕ್ಕಳನ್ನು ಕೂಡಿಸಿಕೊಂಡು ಶಾಲೆ ತೆರೆದನು. ಮರುವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಹೋಯಿತು. 1826ರಲ್ಲಿ ಮಾನವನ ಶಿಕ್ಷಣವನ್ನು ಕುರಿತ ಅವನ ಗ್ರಂಥ ಹೊರಬಂದಿತು. 1837ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿ, 1840ರಲ್ಲಿ ಅದನ್ನು ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಕರೆದನು. ನೂಲಿನ ಚೆಂಡು, ಕಟ್ಟಿಗೆಯ ಗೋಲ, ಘನ, ಇಟ್ಟಿಗೆಗಳು ಅಲ್ಲಿನ ಸಲಕರಣೆ. ಕಾಗದ ಮಡಿಚುವುದು, ಕತ್ತರಿಸುವುದು, ಹೆಣೆಯುವುದು, ಚಿತ್ರ ಬರೆಯುವುದು ಅಲ್ಲಿನ ಉದ್ಯೋಗ. ಮಕ್ಕಳ ಕೈಯಲ್ಲಿ ಮೂಡುವ ಆಕಾರಗಳಲ್ಲಿ ಅವನು ಮೂರು ಬಗೆ ಕಂಡನು: ಬಾಳಿನ ರೂಪ, ಚೆಲುವಿನ ರೂಪ, ಅರಿವಿನ ರೂಪ. ಒಂದೇ ಹಾಳೆ ದೋಣಿಯಾಗಬಲ್ಲದು, ಹೂವಾಗಬಲ್ಲದು, ತ್ರಿಕೋನದ ಪಾಠವೂ ಆಗಬಲ್ಲದು.

ಇದು ಪುಸ್ತಕದ ಬದನೆಕಾಯಿಯಲ್ಲ. ನನ್ನ ಊರು ಭೀಮಾ ನದಿಯ ದಂಡೆಯ ದೇವಣಗಾಂವ. ಹಳೆಯ ನೋಟುಬುಕ್ಕಿನ ಹಾಳೆಯನ್ನು ನಡುವೆ ಮಡಿಚಿ ಬಿಚ್ಚಿ, ಒಂದು ಮಗ್ಗುಲಿಗೆ ಹಳದಿ, ನೀಲಿ ಬಣ್ಣದ ಹನಿಗಳನ್ನಿಟ್ಟು, ಮತ್ತೆ ಮಡಿಚಿ ಒತ್ತುವ ಆಟವನ್ನು ರಜೆಯಲ್ಲಿ ಓಣಿಯ ಹುಡುಗರಿಗೆ ಆಡಿಸುತ್ತೇನೆ. ಬಿಚ್ಚಿದೊಡನೆ ಪಾತರಗಿತ್ತಿ! ಬಣ್ಣಗಳು ಕೂಡಿದಲ್ಲಿ ಹಸಿರು ಮೂಡಿದ್ದು ವಿಜ್ಞಾನ. ಮಡಿಕೆಯ ಗೆರೆಯಿಂದ ಎರಡೂ ರೆಕ್ಕೆ ಸಮದೂರದಲ್ಲಿರುವುದು ರೇಖಾಗಣಿತ. ಮಡಿಚಿದಂತೆ ಹಾಳೆ ಎರಡು, ನಾಲ್ಕು, ಎಂಟು ಪಾಲಾಗುವುದು ಅಂಕಗಣಿತ. ಗೋಲಗುಮ್ಮಟದ ಮುಂಭಾಗದ ಚಿತ್ರವನ್ನು ನಟ್ಟನಡುವೆ ಮಡಿಚಿದರೆ ಮಿನಾರು ಮಿನಾರಿನ ಮೇಲೆ ಬಂದು ಕೂಡುತ್ತದೆ; ಅಲ್ಲಿಂದ ಆದಿಲಶಾಹಿಯ ಇತಿಹಾಸ ಎಷ್ಟು ದೂರ? ತಾನು ಕಂಡದ್ದನ್ನು ಹುಡುಗ ಕಥೆಕಟ್ಟಿ ಹೇಳಿದರೆ ಅದೇ ಭಾಷಾಪಾಠ. ಗಂಟೆಗೊಂದು ವಿಷಯವೆಂದು ವಿಂಗಡಿಸಿದವರು ದೊಡ್ಡವರು. ಮಗುವಿನ ಕಣ್ಣಿಗೆ ಅದು ಒಂದೇ ಪಾತರಗಿತ್ತಿ.

ಇಂಥ ನಿರಪಾಯದ ಆಟಕ್ಕೂ ಅರಸೊತ್ತಿಗೆ ಹೆದರಿತು! ಫ್ರೋಬೆಲನ ಅಣ್ಣನ ಮಗ ಕಾರ್ಲನ ಬರಹಗಳನ್ನು ಇವನವೆಂದು ಭ್ರಮಿಸಿ, ನಾಸ್ತಿಕತೆ, ಸಮಾಜವಾದಗಳ ಆರೋಪ ಹೊರಿಸಿ, 1851ರ ಆಗಸ್ಟಿನಲ್ಲಿ ಪ್ರಶಿಯಾ ಸರಕಾರ ಮಕ್ಕಳ ತೋಟಗಳನ್ನೆಲ್ಲ ನಿಷೇಧಿಸಿತು. ಎಪ್ಪತ್ತರ ಅಂಚಿನಲ್ಲಿದ್ದ ವೃದ್ಧನ ಮನವಿಗೆ ಫಲ ದೊರೆಯಲಿಲ್ಲ. 1852ರ ಜೂನ್ 21ರಂದು ಅವನು ಕಣ್ಣುಮುಚ್ಚಿದನು. ನಿಷೇಧ ತೆಗೆದದ್ದು 1860ರಲ್ಲಿ.

ಆದರೆ ಬೀಜ ಸಾಯಲಿಲ್ಲ. ಫ್ರೋಬೆಲನ ಕಾಗದದ ಆಟದಿಂದಲೇ ಪ್ರೇರಣೆ ಪಡೆದು ಟಿ. ಸುಂದರರಾವ್ ಅವರು 1893ರಲ್ಲಿ ಮದರಾಸಿನಲ್ಲಿ ಕಾಗದ ಮಡಿಕೆಯ ರೇಖಾಗಣಿತವನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಗಮನಿಸಿದನು. ಹೀಗೆ ಜರ್ಮನಿಯಿಂದ ಬಂದ ಬೀಜ ನಮ್ಮ ನೆಲದಲ್ಲಿ ಫಲಬಿಟ್ಟು ಮರಳಿ ಜರ್ಮನಿಯ ಕಣ್ಣಿಗೆ ಬಿದ್ದಿತು.

ಸಹಪಾಠಿಗಳೇ, ನಮ್ಮಲ್ಲಿ ಹಲವರು ನಾಳೆ ಶಿಕ್ಷಕರಾಗುವವರು. ನಾವು ಹೋಗುವ ಶಾಲೆಯಲ್ಲಿ ಪ್ರಯೋಗಶಾಲೆ ಇಲ್ಲದಿರಬಹುದು, ಗ್ರಂಥಾಲಯ ಇಲ್ಲದಿರಬಹುದು. ಒಂದು ಹಾಳೆ, ಎರಡು ಹನಿ ಬಣ್ಣ ಎಲ್ಲಿಯೂ ದೊರೆಯುತ್ತವೆ. ಅದನ್ನು ಮಡಿಚುವ ಮಗುವಿಗೆ ನಾವು ಅಡ್ಡಬಾರದಿದ್ದರೆ ಸಾಕು, ಆ ತೋಟಿಗನ ಋಣ ಸ್ವಲ್ಪವಾದರೂ ತೀರೀತು.