ಬೆಳ್ಳಕ್ಕಿಗಳ ಕಾವಲುಗಾರ ಗೈ ಬ್ರಾಡ್ಲಿ

ನಮ್ಮ ಕಾಸರಗೋಡಿನ ಬೈಲುಗಳಲ್ಲಿ ಏಣೆಲು ಬೇಸಾಯಕ್ಕೆ ಉಳುಮೆ ಆರಂಭವಾಯಿತೆಂದರೆ ಎಲ್ಲಿಂದಲೋ ಬೆಳ್ಳಕ್ಕಿಗಳ ಹಿಂಡು ಬಂದು ಇಳಿಯುತ್ತದೆ. ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಅಲುಗಾಡದೆ ನಿಂತು ಮೀನಿಗಾಗಿ ಕಾಯುವ ಈ ಬಿಳಿಯ ಹಕ್ಕಿಯನ್ನು ಕಾಣದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಬಕಧ್ಯಾನವೆಂದು ನಾವು ಅದನ್ನು ಗೇಲಿ ಮಾಡುವುದೂ ಉಂಟು. ದಿನವೂ ಕಾಣುವ ಹಕ್ಕಿಯಾದುದರಿಂದ ಅದರಲ್ಲಿ ವಿಶೇಷವೇನೂ ಇಲ್ಲವೆಂದು ನಮಗೆ ತೋರುತ್ತದೆ. ಆದರೆ ಒಂದು ಕಾಲದಲ್ಲಿ ಈ ಕುಲದ ಹಕ್ಕಿಗಳ ಬೆನ್ನಿನ ಗರಿ ತೂಕಕ್ಕೆ ತೂಕ ಚಿನ್ನಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿತ್ತು. ಆ ಗರಿಗಾಗಿ ಲಕ್ಷಗಟ್ಟಲೆ ಹಕ್ಕಿಗಳು ಸತ್ತವು. ಅವುಗಳನ್ನು ಕಾಯಲು ಹೊರಟ ಮನುಷ್ಯನೂ ಪ್ರಾಣ ತೆತ್ತನು. ಅಮೆರಿಕದಲ್ಲಿ ಇಂದಿಗೂ ಗೌರವದಿಂದ ನೆನೆಯಲ್ಪಡುವ ಆ ವ್ಯಕ್ತಿಯ ಹೆಸರು ಗೈ ಬ್ರಾಡ್ಲಿ.

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ ಫ್ಲಾರಿಡಾ ಎಂಬ ರಾಜ್ಯವಿದೆ. ಭೂಪಟದಲ್ಲಿ ನೋಡಿದರೆ ಅದು ಸಮುದ್ರದೊಳಕ್ಕೆ ಚಾಚಿದ ಹೆಬ್ಬೆರಳಿನಂತೆ ಕಾಣುತ್ತದೆ. ಆ ಬೆರಳಿನ ತುದಿಯಲ್ಲಿರುವುದೇ ಎವರ್‌ಗ್ಲೇಡ್ಸ್ ಎಂಬ ವಿಶಾಲವಾದ ಜೌಗುಪ್ರದೇಶ. ಅದರ ದಕ್ಷಿಣಕ್ಕೆ ಫ್ಲಾರಿಡಾ ಕೊಲ್ಲಿ ಇದೆ. ಹೆಸರಿಗೆ ಕೊಲ್ಲಿಯಾದರೂ ದ್ವೀಪಗಳ ಸಾಲು ಮತ್ತು ಕೆಸರಿನ ದಿಬ್ಬಗಳು ಅದನ್ನು ತೆರೆದ ಸಮುದ್ರದಿಂದ ಬೇರ್ಪಡಿಸಿವೆ. ಭೂಗೋಳದ ಪಾಠದಲ್ಲಿ ಲಗೂನ್ ಎಂದು ಓದುವುದು ಇಂತಹ ಕಡಲ ಹಿನ್ನೀರನ್ನೇ. ನೀರಿನ ಆಳ ಸರಾಸರಿ ಒಂದು ಮೀಟರಿನಷ್ಟು ಮಾತ್ರ. ಹೊಳೆಯ ಸಿಹಿನೀರೂ ಕಡಲ ಉಪ್ಪುನೀರೂ ಅಲ್ಲಿ ಬೆರೆಯುತ್ತವೆ. ದಡದ ಉದ್ದಕ್ಕೂ ಕಾಂಡ್ಲಾ ಕಾಡು ಹಬ್ಬಿದೆ. ಮೀನು ಸೀಗಡಿಗಳು ಹೇರಳವಾಗಿರುವ ಇಂತಹ ಕಡೆ ನೀರುಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಸೇರಿ ಗೂಡು ಕಟ್ಟುತ್ತವೆ.

ಗೈ ಬ್ರಾಡ್ಲಿ ಹುಟ್ಟಿದ್ದು 1870ನೇ ಇಸವಿಯಲ್ಲಿ, ಷಿಕಾಗೋ ನಗರದಲ್ಲಿ. ಅವನು ಚಿಕ್ಕ ಹುಡುಗನಾಗಿದ್ದಾಗಲೇ ಮನೆಯವರು ಫ್ಲಾರಿಡಾಕ್ಕೆ ಬಂದು ನೆಲೆಸಿದರು. ಆಗ ಅಲ್ಲಿ ರಸ್ತೆಯಿಲ್ಲ, ರೈಲಿಲ್ಲ. ತಂದೆ ಕಡಲತೀರದ ಮರಳಿನಲ್ಲಿ ಕಾಲ್ನಡೆಯಿಂದ ಅಂಚೆಯ ಚೀಲ ಹೊತ್ತು ಊರೂರಿಗೆ ತಲುಪಿಸುವ ಕೆಲಸ ಮಾಡಿದರು. ಗಂಡುಮಕ್ಕಳೂ ಅದರಲ್ಲಿ ನೆರವಾದರು. ದೋಣಿ ನಡೆಸುವುದು, ಕಾಂಡ್ಲಾ ಕಾಡಿನ ಕವಲು ತೋಡುಗಳಲ್ಲಿ ದಾರಿ ಹುಡುಕುವುದು, ಬಂದೂಕಿನಿಂದ ಗುರಿಯಿಡುವುದು ಇವೆಲ್ಲ ಹುಡುಗನಿಗೆ ಎಳೆಯ ಪ್ರಾಯದಲ್ಲೇ ಕರಗತವಾದವು.

ಆ ಕಾಲದಲ್ಲಿ ಅಮೆರಿಕ ಮತ್ತು ಯುರೋಪಿನ ನಗರಗಳ ಸ್ತ್ರೀಯರು ಟೋಪಿಗೆ ಹಕ್ಕಿಯ ಗರಿಗಳನ್ನು ಸಿಕ್ಕಿಸಿಕೊಳ್ಳುವುದು ದೊಡ್ಡ ಶೋಕಿಯಾಗಿತ್ತು. 1886ರಲ್ಲಿ ಫ್ರಾಂಕ್ ಚ್ಯಾಪ್‌ಮನ್ ಎಂಬ ಪಕ್ಷಿತಜ್ಞರು ನ್ಯೂಯಾರ್ಕಿನ ಬೀದಿಗಳಲ್ಲಿ ಅಡ್ಡಾಡಿ 700 ಟೋಪಿಗಳನ್ನು ಎಣಿಸಿದಾಗ ಅವುಗಳಲ್ಲಿ 542ರಲ್ಲಿ ಗರಿಗಳೋ ಇಡಿಯ ಹಕ್ಕಿಗಳೋ ಇದ್ದುವಂತೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಬೆಳ್ಳಕ್ಕಿಯ ತುರಾಯಿ. ಮರಿ ಮಾಡುವ ಕಾಲದಲ್ಲಿ ಮಾತ್ರ ಬೆಳ್ಳಕ್ಕಿಯ ಬೆನ್ನಿನ ಮೇಲೆ ನೂಲಿನಂತೆ ನವುರಾದ ಗರಿಗಳು ಮೂಡುತ್ತವೆ. ಆದುದರಿಂದ ಬೇಟೆಗಾರರು ಗೂಡುಗಳಲ್ಲಿ ಮರಿಗಳಿರುವ ಹೊತ್ತನ್ನೇ ನೋಡಿ ಬರುತ್ತಿದ್ದರು. ಮರಿಗಳನ್ನು ಬಿಟ್ಟು ದೂರ ಹಾರಿಹೋಗಲಾರದ ತಾಯಿತಂದೆ ಹಕ್ಕಿಗಳನ್ನು ಕೊಲ್ಲುವುದು ಸುಲಭ. ಬೆನ್ನಿನ ಗರಿಯಷ್ಟನ್ನೇ ಕಿತ್ತುಕೊಂಡು ದೇಹವನ್ನು ಅಲ್ಲಿಯೇ ಎಸೆದು ಹೋಗುತ್ತಿದ್ದರು. ಮರಿಗಳು ಹಸಿವೆಯಿಂದ ಗೂಡಿನಲ್ಲೇ ಸಾಯುತ್ತಿದ್ದವು. ಹೀಗೆ ಒಂದೇ ವ್ಯಾಪಾರದಲ್ಲಿ ಎರಡು ತಲೆಮಾರುಗಳು ನಾಶವಾಗುತ್ತಿದ್ದವು.

ಬ್ರಾಡ್ಲಿಯೂ ಈ ಪಾಪದಿಂದ ಹೊರತಾಗಿರಲಿಲ್ಲ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. 1885ರಲ್ಲಿ, ಹದಿನೈದರ ಪ್ರಾಯದಲ್ಲಿ, ಅಣ್ಣ ಲೂಯಿ ಮತ್ತು ಒಬ್ಬ ಗೆಳೆಯನೊಡನೆ ಅವನು ಷೆವೆಲಿಯೇ ಎಂಬ ಫ್ರೆಂಚ್ ಬೇಟೆಗಾರನಿಗೆ ದಾರಿ ತೋರಿಸಲು ಹೋದನು. ಕೆಲವೇ ವಾರಗಳಲ್ಲಿ ಆ ತಂಡ 36 ಜಾತಿಗಳ 1,397 ಹಕ್ಕಿಗಳನ್ನು ಕೊಂದಿತು. ಅಂದಿನ ಫ್ಲಾರಿಡಾದಲ್ಲಿ ಅದು ಅಪರಾಧವಾಗಿರಲಿಲ್ಲ. ಬಡವರ ಮನೆಯ ಒಲೆ ಉರಿಸುವ ಉದ್ಯೋಗವಾಗಿತ್ತು. ಮುಂದೆಯೂ ಕೆಲವು ವರ್ಷ ಬ್ರಾಡ್ಲಿ ಅದೇ ಕೆಲಸ ಮಾಡಿದನು. ಆದರೆ ವರ್ಷ ಕಳೆದಂತೆ ಹಕ್ಕಿಗಳ ಬೀಡುಗಳು ಒಂದೊಂದಾಗಿ ಬರಿದಾಗುವುದನ್ನು ಅವನು ಕಣ್ಣಾರೆ ಕಂಡನು. ಇದು ಕ್ರೂರವಾದ ಕಸುಬೆಂದು ಅವನಿಗೆ ಅನಿಸಿತು.

1901ರಲ್ಲಿ ಫ್ಲಾರಿಡಾ ರಾಜ್ಯವು ಇಂತಹ ಹಕ್ಕಿಗಳನ್ನು ಕೊಲ್ಲಬಾರದೆಂದು ಕಾನೂನು ಮಾಡಿತು. ಕಾನೂನು ಕಾಗದದ ಮೇಲೆ ಬಂತು. ಅದನ್ನು ನಡೆಸುವವರು ಯಾರು? ಪಕ್ಷಿತಜ್ಞರ ಸಂಘವು ಸಂಬಳ ಕೊಟ್ಟು ಕಾವಲುಗಾರರನ್ನು ನೇಮಿಸಲು ಮುಂದೆ ಬಂತು. ದಕ್ಷಿಣ ಫ್ಲಾರಿಡಾದ ಭಾಗಕ್ಕೆ 1902ರಲ್ಲಿ ಆಯ್ಕೆಯಾದವರು ಗೈ ಬ್ರಾಡ್ಲಿ. ಬೇಟೆಗಾರರ ಗುಟ್ಟು ತಿಳಿದವನೇ ಬೇಟೆಯನ್ನು ತಡೆಯಬಲ್ಲನೆಂಬ ನಂಬಿಕೆ ಅದರ ಹಿಂದಿತ್ತು. ಸಂಬಳ ತಿಂಗಳಿಗೆ 35 ಡಾಲರ್. ಒಂದು ದೊಡ್ಡ ಬೀಡನ್ನು ಬರಿದು ಮಾಡಿದ ಬೇಟೆಗಾರನಿಗೆ ಅದರ ಎಷ್ಟೋ ಪಾಲು ಹಣ ಸಿಗುತ್ತಿತ್ತು. ಬ್ರಾಡ್ಲಿಯವರಿಗೆ ಆಗ ಮದುವೆಯಾಗಿತ್ತು. ಎರಡು ಗಂಡುಮಕ್ಕಳೂ ಆದರು. ಆದರೂ ಅವರು ಹಳೆಯ ಕಸುಬಿನ ಕಡೆಗೆ ತಿರುಗಿ ನೋಡಲಿಲ್ಲ.

ಕೊಲ್ಲಿಯ ದಂಡೆಯಲ್ಲಿದ್ದ ಫ್ಲೆಮಿಂಗೊ ಎಂಬ ಸಣ್ಣ ಹಳ್ಳಿ ಅವರ ವಾಸಸ್ಥಾನ. ಅಲ್ಲಿಂದ ದೋಣಿಯಲ್ಲಿ ಹೊರಟು ದ್ವೀಪದಿಂದ ದ್ವೀಪಕ್ಕೆ ಸುತ್ತುವುದು, ಎಚ್ಚರಿಕೆಯ ಫಲಕಗಳನ್ನು ನೆಡುವುದು, ಬೇಟೆಗಾರರಿಗೆ ಕಾನೂನನ್ನು ತಿಳಿಸುವುದು, ಕೇಳದವರನ್ನು ಹಿಡಿಯುವುದು ಇವು ಅವರ ದಿನಚರಿಯಾದವು. ಎವರ್‌ಗ್ಲೇಡ್ಸ್‌ನಿಂದ ಕೀ ವೆಸ್ಟ್ ದ್ವೀಪದವರೆಗೆ ಹಬ್ಬಿದ ಪ್ರದೇಶಕ್ಕೆ ಒಬ್ಬನೇ ಒಬ್ಬ ಕಾವಲುಗಾರ! ಒಂದು ಕಡೆ ಕಾಯುತ್ತಿದ್ದಾಗ ಇನ್ನೊಂದು ಕಡೆ ಗುಂಡು ಹಾರುತ್ತಿತ್ತು. ಹಿಡಿಯಬೇಕಾದವರು ಹೊರಗಿನವರಲ್ಲ, ನೆರೆಕರೆಯವರೇ. ಕಾನೂನನ್ನು ನಡೆಸುವವನಿಗೆ ಊರಿನಲ್ಲಿ ಸ್ನೇಹಿತರು ಕಡಿಮೆಯಾಗುವುದು ಎಲ್ಲ ದೇಶಗಳಲ್ಲಿಯೂ ಒಂದೇ.

ವಾಲ್ಟರ್ ಸ್ಮಿತ್ ಎಂಬವನು ಅಂತಹ ಒಬ್ಬ ನೆರೆಯವನು. ಅವನ ಮಗನನ್ನು ಬ್ರಾಡ್ಲಿಯವರು ಹಿಂದೊಮ್ಮೆ ಬಂಧಿಸಿದ್ದರು. ಮತ್ತೆ ಹಾಗೆ ಮಾಡಿದರೆ ಜೀವ ತೆಗೆಯುವೆನೆಂದು ಸ್ಮಿತ್ ಬೆದರಿಸಿದ್ದನಂತೆ. 1905ನೇ ಇಸವಿ ಜುಲೈ 8ರ ಬೆಳಿಗ್ಗೆ ಹತ್ತಿರದ ಆಯ್‌ಸ್ಟರ್ ಕೀಸ್ ಎಂಬ ದ್ವೀಪಗಳ ಕಡೆಯಿಂದ ಗುಂಡಿನ ಸದ್ದು ಕೇಳಿಸಿತು. ಸ್ಮಿತ್‌ನ ಹಾಯಿಹಡಗು ಅಲ್ಲಿ ಲಂಗರು ಹಾಕಿತ್ತು. ಬ್ರಾಡ್ಲಿಯವರು ತನ್ನ ಸಣ್ಣ ದೋಣಿಯಲ್ಲಿ ಒಬ್ಬರೇ ಅತ್ತ ಹೊರಟರು. ಸ್ಮಿತ್‌ನ ಮಕ್ಕಳು ಕೊಂದ ಹಕ್ಕಿಗಳನ್ನು ಹಡಗಿಗೆ ತರುತ್ತಿದ್ದರು. ಬ್ರಾಡ್ಲಿಯವರು ಅವರನ್ನು ಬಂಧಿಸಲು ಮುಂದಾದಾಗ ಸ್ಮಿತ್ ಗುಂಡು ಹಾರಿಸಿದನು. ಶವವಿದ್ದ ದೋಣಿ ಹಿನ್ನೀರಿನಲ್ಲಿ ತೇಲುತ್ತ ಬಲುದೂರ ಹೋಗಿತ್ತು. ಆಗ ಅವರ ಪ್ರಾಯ ಬರೇ ಮೂವತ್ತೈದು.

ಸ್ಮಿತ್ ತಾನಾಗಿಯೇ ಕೀ ವೆಸ್ಟ್‌ಗೆ ಹೋಗಿ ಅಧಿಕಾರಿಗಳಿಗೆ ಶರಣಾದನು. ಬ್ರಾಡ್ಲಿಯೇ ಮೊದಲು ಗುಂಡು ಹಾರಿಸಿದನೆಂದೂ ಆತ್ಮರಕ್ಷಣೆಗಾಗಿ ತಾನು ಕೊಂದೆನೆಂದೂ ಅವನ ವಾದ. ಬ್ರಾಡ್ಲಿಯವರ ಪಿಸ್ತೂಲಿನಿಂದ ಗುಂಡೇ ಹೊರಟಿರಲಿಲ್ಲವೆಂದು ಇನ್ನೊಂದು ಕಡೆಯವರು ಹೇಳಿದರು. ಕೆಲವು ತಿಂಗಳು ಸೆರೆಯಲ್ಲಿದ್ದ ಸ್ಮಿತ್‌ನ ಮೇಲೆ ಸಾಕ್ಷ್ಯ ಸಾಲದೆಂದು ಮೊಕದ್ದಮೆಯೇ ನಡೆಯಲಿಲ್ಲ. ಅವನು ಬಿಡುಗಡೆಯಾದನು. ವಿಧವೆಗೂ ಮಕ್ಕಳಿಗೂ ಇರಲು ಒಂದು ಮನೆಯನ್ನು ಪಕ್ಷಿಪ್ರಿಯರು ಚಂದಾ ಎತ್ತಿ ಕೊಡಿಸಿದರು. 1908ರಲ್ಲಿ ಹಕ್ಕಿಗಳ ಕಾವಲಿಗಿದ್ದ ಇನ್ನಿಬ್ಬರು, ಒಬ್ಬರು ಫ್ಲಾರಿಡಾದಲ್ಲಿ, ಒಬ್ಬರು ದಕ್ಷಿಣ ಕೆರೊಲೈನಾದಲ್ಲಿ, ಕೊಲೆಯಾದರು.

ಹಾಗಾದರೆ ಬ್ರಾಡ್ಲಿಯವರ ಸಾವು ವ್ಯರ್ಥವಾಯಿತೇ? ನಾವು ಹಾಗೆ ತಿಳಿಯುವುದಿಲ್ಲ. ಟೋಪಿಯ ತುರಾಯಿಯ ಹಿಂದೆ ಎಷ್ಟು ರಕ್ತವಿದೆಯೆಂಬುದು ನಗರದ ಜನರಿಗೆ ಪತ್ರಿಕೆಗಳ ಮೂಲಕ ತಿಳಿಯಿತು. ಕಾವಲುಗಾರನೊಬ್ಬನಿಂದ ಮಾತ್ರ ಕೊಲೆ ನಿಲ್ಲದು, ಮಾರಾಟವೇ ನಿಲ್ಲಬೇಕೆಂಬ ಒತ್ತಾಯ ಬಲವಾಯಿತು. 1910ರಲ್ಲಿ ನ್ಯೂಯಾರ್ಕ್ ರಾಜ್ಯವು ಅಲ್ಲಿನ ಕಾಡುಹಕ್ಕಿಗಳ ಗರಿಯ ಮಾರಾಟವನ್ನು ನಿಷೇಧಿಸಿತು. 1918ರಲ್ಲಿ ವಲಸೆಹಕ್ಕಿಗಳನ್ನು ರಕ್ಷಿಸುವ ಕಾನೂನು ಅಮೆರಿಕದಲ್ಲೆಲ್ಲ ಜಾರಿಗೆ ಬಂತು. ನಮ್ಮ ದೇಶದಿಂದಲೂ ಬೆಳ್ಳಕ್ಕಿಯ ಗರಿಗಳು ವಿದೇಶಕ್ಕೆ ಹೋಗುತ್ತಿದ್ದವು. ಅಂದಿನ ಬ್ರಿಟಿಷ್ ಸರಕಾರ 1902ರಲ್ಲೇ ಕಾಡುಹಕ್ಕಿಗಳ ಗರಿಯ ರಫ್ತನ್ನು ನಿಷೇಧಿಸಿತ್ತು. ಆದರೂ ಕೊಳ್ಳುವವರು ಇರುವ ತನಕ ಕಳ್ಳಸಾಗಣೆ ನಿಲ್ಲಲಿಲ್ಲ.

1947ರ ದಶಂಬರ 6ರಂದು ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನವನ್ನು ಅಧ್ಯಕ್ಷ ಟ್ರೂಮನ್ ಉದ್ಘಾಟಿಸಿದರು. ಇಂದು ಅದರ ವಿಸ್ತೀರ್ಣ ಸುಮಾರು 15 ಲಕ್ಷ ಎಕರೆ. ಫ್ಲಾರಿಡಾ ಕೊಲ್ಲಿಯ ಬಹುಭಾಗವೂ ಅದರೊಳಗೇ ಸೇರಿದೆ. ಬೆಳ್ಳಕ್ಕಿಗಳಲ್ಲದೆ ಗುಲಾಬಿ ಬಣ್ಣದ ಚಮಚಕೊಕ್ಕಿನ ಹಕ್ಕಿ, ಹುಲ್ಲು ಮೇಯುವ ಕಡಲಹಸು, ಎರಡು ಬಗೆಯ ಮೊಸಳೆಗಳು ಅಲ್ಲಿ ಬಾಳುತ್ತವೆ. ಕಾಲುವೆ ತೋಡಿ ಸಿಹಿನೀರನ್ನು ಬೇರೆಡೆಗೆ ತಿರುಗಿಸಿದ್ದರಿಂದ ಅವುಗಳಿಗೆ ಬೇರೊಂದು ವಿಪತ್ತು ಬಂದೊದಗಿದೆ. ಅದನ್ನು ಸರಿಪಡಿಸುವ ದೊಡ್ಡ ಪ್ರಯತ್ನ 2000ದಿಂದ ನಡೆದಿದೆ. ಬ್ರಾಡ್ಲಿಯವರ ಸಮಾಧಿ ಚಂಡಮಾರುತದ ಅಲೆಗಳಿಗೆ ಸಿಕ್ಕಿ ಕೊಚ್ಚಿಹೋಯಿತು. ಆದರೆ ಫ್ಲೆಮಿಂಗೊದ ಪ್ರವಾಸಿ ಕೇಂದ್ರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ವನ್ಯಜೀವಿಗಳ ಕಾನೂನನ್ನು ನಿಷ್ಠೆಯಿಂದ ನಡೆಸುವವರಿಗೆ 1988ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನೂ ಕೊಡುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಬ್ರಾಡ್ಲಿಯವರು ಹುಟ್ಟಿನಿಂದ ಮಹಾತ್ಮರಲ್ಲ. ದೊಡ್ಡ ಓದು ಓದಿದವರೂ ಅಲ್ಲ. ತಾನು ಮಾಡುತ್ತಿರುವುದು ತಪ್ಪೆಂದು ತಿಳಿದಾಗ ಅದನ್ನು ಬಿಟ್ಟರು; ಒಪ್ಪಿಕೊಂಡ ಕೆಲಸವನ್ನು ಯಾರೂ ನೋಡದ ಜಾಗದಲ್ಲಿಯೂ ಮಾಡಿದರು. ಅವರ ದೊಡ್ಡತನ ಇಷ್ಟೇ, ಆದರೆ ಇದು ಸಣ್ಣದಲ್ಲ. ಮುಂದಿನ ಮಳೆಗಾಲದಲ್ಲಿ ಬೈಲಿಗೆ ಇಳಿಯುವ ಬೆಳ್ಳಕ್ಕಿಗೆ ಕವಣೆಯ ಕಲ್ಲು ಬೀಸಲು ಕೈ ಎತ್ತುವ ಮೊದಲು, ಆ ಹಿನ್ನೀರಿನಲ್ಲಿ ಒಂಟಿಯಾಗಿ ತೇಲಿದ ದೋಣಿಯನ್ನು ಒಮ್ಮೆ ನೆನೆದರೆ ನಾವು ಇದನ್ನು ಬರೆದುದು ಸಾರ್ಥಕವಾಯಿತು.