ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಶಿವನಸಮುದ್ರದ ಕರೆಂಟು

ಮಧುಗಿರಿ, ಕೊರಟಗೆರೆ, ಶಿರಾ ಕಡೆಯ ಗೆಳೆಯರು ನಮ್ಮ ಕ್ಲಾಸಲ್ಲಿ ಇದ್ದೇ ಇರ್ತಾರೆ. ಅವರ ಜೊತೆ ಒಮ್ಮೆ ಪಾವಗಡಕ್ಕೆ ಹೋಗಿಬನ್ನಿ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ರೈತರದು, ಪಾರ್ಕು ಸರ್ಕಾರಿ ಸಂಸ್ಥೆಯದು, ಪ್ಯಾನೆಲ್‌ಗಳು ಹೆಚ್ಚಾಗಿ ಖಾಸಗಿ ಕಂಪನಿಗಳವು. ಸರ್ಕಾರ ಮತ್ತು ಖಾಸಗಿಯವರು ಸೇರಿ ಕರೆಂಟ್ ಮಾಡೋ ಈ ಲೆಕ್ಕಾಚಾರ ಹೊಸದೇನಲ್ಲ. ಮೈಸೂರು ಸೀಮೆಯಲ್ಲಿ ನೂರಿಪ್ಪತ್ತು ವರ್ಷಗಳ ಹಿಂದೆಯೇ ಇದನ್ನು ಮಾಡಿ ತೋರಿಸಿದವರು ಸರ್ ಕೆ. ಶೇಷಾದ್ರಿ ಅಯ್ಯರ್.

ಇವರು ಹುಟ್ಟಿದ್ದು 1845ರಲ್ಲಿ, ಪಾಲಕ್ಕಾಡಿನ ಕಡೆ. ಮದ್ರಾಸಿನಲ್ಲಿ ಓದಿ, 1868ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ರಂಗಾಚಾರ್ಲು ತೀರಿಕೊಂಡ ಮೇಲೆ 1883ರಲ್ಲಿ ದಿವಾನರಾದರು. ಆಗ ಸಂಸ್ಥಾನ ಭೀಕರ ಬರದ ಸಾಲದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಅಂಥ ಖಜಾನೆ ಇಟ್ಟುಕೊಂಡೇ ರೈಲು ಹಾದಿ ಬೆಳೆಸಿದರು, ಬೆಂಗಳೂರಿಗೆ ಹೆಸರಘಟ್ಟದ ನೀರು ತಂದರು. ಶಿರಾದ ಪಕ್ಕದ ಹಿರಿಯೂರಿನಲ್ಲಿ ಮಾರಿಕಣಿವೆ ಅಣೆಕಟ್ಟು ಶುರುವಾದದ್ದೂ ಇವರ ಕಾಲದಲ್ಲೇ.

ಕೋಲಾರದ ಚಿನ್ನದ ಗಣಿಗಳು ಆಗ ಸ್ಟೀಮ್ ಎಂಜಿನ್ ಮೇಲೆ ನಡೀತಿದ್ದವು. ಸೌದೆ, ಕಲ್ಲಿದ್ದಲಿನ ಖರ್ಚು ವಿಪರೀತ. ಅತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮ್ಮನೆ ಧುಮುಕುತ್ತಿದ್ದಳು. ನಡುವಿನ ಲೈನು ಸುಮಾರು 147 ಕಿಲೋಮೀಟರ್. ಅಷ್ಟು ದೂರ ಕರೆಂಟ್ ಸಾಗಿಸಿದ ಉದಾಹರಣೆ ಆಗ ಜಗತ್ತಿನಲ್ಲೇ ಅಪರೂಪ. ನಷ್ಟ ಆದರೆ ಹೊರೋರು ಯಾರು?

ಡೆಪ್ಯುಟಿ ಚೀಫ್ ಎಂಜಿನಿಯರ್ ಜೋಲಿ ದ ಲೊಟ್ಬಿನಿಯೇರ್ ಯುರೋಪ್, ಅಮೆರಿಕ ಸುತ್ತಿ ತಂತ್ರಜ್ಞಾನ ನೋಡಿಕೊಂಡು ಬಂದರು. ದಿವಾನರು ಜವಾಬ್ದಾರಿ ಹಂಚಿದರು: ಬಂಡವಾಳ, ಒಡೆತನ ಸರ್ಕಾರದ್ದು, ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು, ಕರೆಂಟ್ ಕೊಳ್ಳೋದು ಜಾನ್ ಟೇಲರ್ ಕಂಪನಿಯ ಗಣಿಗಳು. ಪವರ್ ಹೌಸ್ ತಿರುಗುವ ಮುಂಚೆಯೇ ಗಿರಾಕಿ ಸಿಕ್ಕಾಗಿತ್ತು. ಇವತ್ತು ನಾವು ವಿದ್ಯುತ್ ಖರೀದಿ ಒಪ್ಪಂದ ಅಂತೀವಲ್ಲ, ಅದರ ಕೆಲಸವೂ ಇದೇ.

ಕೆಲಸ ನಡೀತಿರುವಾಗಲೇ ಅಯ್ಯರ್ ಆರೋಗ್ಯ ಕೆಟ್ಟಿತು. 1901ರಲ್ಲಿ ಹುದ್ದೆ ಬಿಟ್ಟರು, ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗಣಿಗೆ ಕರೆಂಟ್ ಹರಿದದ್ದು 1902ರ ಜೂನ್‌ನಲ್ಲಿ. ಅದನ್ನು ನೋಡೋ ಭಾಗ್ಯ ಅವರಿಗಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಮೊದಲು ಕರೆಂಟ್ ಸಿಕ್ಕಿದ್ದು ದುಡ್ಡು ಕೊಡಬಲ್ಲ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳು ದಶಕಗಟ್ಟಲೆ ಕಾದವು. ಪಾವಗಡದಲ್ಲಿ ರೈತರ ಜಮೀನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಇದು ನಿಜಕ್ಕೂ ಒಳ್ಳೆ ಹೆಜ್ಜೆ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡ್ತಿದ್ದ ಭೂಮಿ ಇಲ್ಲದವರಿಗೆ ಆ ಗುತ್ತಿಗೆ ಹಣ ಬರೋದಿಲ್ಲ. ನಾಳೆ ಇಂಥ ಯೋಜನೆಗಳ ಡ್ರಾಯಿಂಗ್ ಮಾಡೋರು, ಟೆಂಡರ್ ಬರೆಯೋರು ನಮ್ಮಲ್ಲೇ ಯಾರಾದರೂ ಆಗಿರ್ತೀವಿ. ಗಿರಾಕಿ ಯಾರು ಅಂತ ಮೊದಲೇ ಕೇಳೋದನ್ನ ಅಯ್ಯರ್ ಅವರಿಂದ ಕಲಿಯೋಣ. ಒಪ್ಪಂದದಿಂದ ಹೊರಗೆ ಉಳಿದವರು ಯಾರು ಅಂತಲೂ ಅದರ ಜೊತೆಗೇ ಕೇಳೋಣ.